ನಾಣ್ಯಗಳ ಪೆಟ್ಟಿಗೆಗೆ ಪಟ್ಟಿ ಇದೆಯೇ?

ಸಹೋದರಿಯರೇ, ಅಕ್ಕಿ ವ್ಯಾಪಾರಿಯ ಬಂಡವಾಳ ಗೋದಾಮಿನಲ್ಲಿರುತ್ತದೆ. ಬಟ್ಟೆ ವ್ಯಾಪಾರಿಯದ್ದು ಅಂಗಡಿಯ ತುಂಬ ಹರಡಿರುತ್ತದೆ. ಆದರೆ ಹಳೆಯ ನಾಣ್ಯಗಳ ವ್ಯಾಪಾರ ಮಾಡುವವರ ಇಡೀ ಬಂಡವಾಳ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಅದನ್ನು ಕಳ್ಳ ಎತ್ತಿಕೊಂಡು ಹೋಗುವುದೂ ಸುಲಭ, ಬಸ್ಸಿನಲ್ಲಿ ಮರೆತು ಇಳಿಯುವುದೂ ಸುಲಭ. ನಿಮ್ಮ ಪತಿ, ತಂದೆ ಅಥವಾ ಮಗ ಈ ವ್ಯಾಪಾರದಲ್ಲಿದ್ದರೆ, ಅಥವಾ ಅಜ್ಜನ ಕಾಲದ ನಾಣ್ಯಗಳು ಮನೆಯಲ್ಲಿದ್ದರೆ ಮುಂದಿನ ಮಾತುಗಳು ನಿಮಗೂ ಸಂಬಂಧಿಸಿವೆ.

"ಮನೆಗೆ ವಿಮೆ ಮಾಡಿಸಿದ್ದೇವಲ್ಲ" ಎಂದು ಕೆಲವರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಮನೆಯ ವಿಮೆ ಮನೆಬಳಕೆಯ ವಸ್ತುಗಳಿಗೆ. ಮಾರಾಟಕ್ಕೆಂದು ಕಪಾಟಿನಲ್ಲಿಟ್ಟ ಸರಕು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಬ್ಯಾಂಕಿನ ಲಾಕರಿನಲ್ಲಿಟ್ಟರೂ ಬ್ಯಾಂಕು ಅದಕ್ಕೆ ವಿಮೆ ಮಾಡಿಸುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಳ್ಳತನ, ಬೆಂಕಿ, ಸಿಬ್ಬಂದಿಯ ವಂಚನೆ ಮುಂತಾದವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 4,000 ರೂಪಾಯಿ ಇದ್ದರೆ 4 ಲಕ್ಷ. ಒಳಗೆ 20 ಲಕ್ಷದ ನಾಣ್ಯವಿದ್ದರೂ ಅಷ್ಟೇ.

ಹಾಗಾದರೆ ಈ ವ್ಯಾಪಾರಕ್ಕೆ ವಿಮೆ ಇಲ್ಲವೇ? ಇದೆ. ಆಭರಣದ ಅಂಗಡಿಗಳಿಗಾಗಿ 'ಜ್ಯುವೆಲರ್ಸ್ ಬ್ಲಾಕ್' ಎಂಬ ಪಾಲಿಸಿ ಇದೆ. ಅಂಗಡಿಯಲ್ಲಿರುವ ಸರಕು, ಮಾಲೀಕ ಅಥವಾ ನೌಕರ ಹೊರಗೆ ಒಯ್ಯುವ ಸರಕು, ಅಂಚೆಯಲ್ಲಿ ಕಳುಹಿಸುವ ಸರಕು, ಪೀಠೋಪಕರಣ ಹೀಗೆ ಬೇರೆ ಬೇರೆ ವಿಭಾಗಗಳು ಅದರಲ್ಲಿವೆ. ಹಳೆಯ ನಾಣ್ಯಗಳು ಅದರೊಳಗೆ ಸೇರುತ್ತವೆಯೇ ಎಂದು ಕಂಪೆನಿಯಿಂದ ಲಿಖಿತವಾಗಿಯೇ ಕೇಳಿ ಪಡೆಯಬೇಕು. ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಪರಿಹಾರ ಲೋಹದ ಬೆಲೆಗೋ, ಸಂಗ್ರಾಹಕರು ಕೊಡುವ ಬೆಲೆಗೋ? ಟಿಪ್ಪು ಸುಲ್ತಾನರ ಆನೆಯ ಚಿತ್ರವಿರುವ ಪೈಸೆಯನ್ನು ತಾಮ್ರದ ತೂಕಕ್ಕೆ ಅಳೆದರೆ ಕೈಗೆ ಏನೂ ಸಿಗದು.

ಪಾಲಿಸಿಯ ಸಣ್ಣ ಅಕ್ಷರಗಳನ್ನು ಯಾರಾದರೂ ಕುಳಿತು ಓದಲೇಬೇಕು. ರಾತ್ರಿ ತಿಜೋರಿಯ ಹೊರಗಿಟ್ಟ ಸರಕು, ಯಾರೂ ಇಲ್ಲದ ವಾಹನದಲ್ಲಿ ಬಿಟ್ಟ ಚೀಲ, ನಂಬಿಕೆಯ ಮೇಲೆ ಗಿರಾಕಿಗೋ ದಲ್ಲಾಳಿಗೋ ಕೊಟ್ಟದ್ದು, ಪ್ರದರ್ಶನದಲ್ಲಿಟ್ಟದ್ದು, ವರ್ಷಾಂತ್ಯದ ಲೆಕ್ಕದಲ್ಲಿ ಕಡಿಮೆ ಕಂಡದ್ದು ಇವುಗಳಿಗೆ ಸಾಮಾನ್ಯವಾಗಿ ಪರಿಹಾರವಿಲ್ಲ. ನಾಣ್ಯ ವ್ಯಾಪಾರಿಗಳು ಊರೂರಿನ ಪ್ರದರ್ಶನಗಳಿಗೆ ಹೋಗುವವರಾದ್ದರಿಂದ ಅದಕ್ಕೆ ಪ್ರತ್ಯೇಕ ರಕ್ಷಣೆ ಕೇಳಬೇಕು. 'ಕನ್ನಗಳ್ಳತನ' ಎಂಬ ಮಾತಿಗೂ ಪಾಲಿಸಿಯಲ್ಲಿ ಅದರದ್ದೇ ಅರ್ಥವಿದೆ. ಬೀಗ ಒಡೆಯುವಂತಹ ಬಲಪ್ರಯೋಗವಿಲ್ಲದೆ ನಡೆದ ಕಳವು ಅಂತಹ ಪಾಲಿಸಿಯೊಳಗೆ ಬಾರದೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪು ನೀಡಿದೆ.

ಕಂತು ಉಳಿಸಲೆಂದು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವವರಿದ್ದಾರೆ. 10 ಲಕ್ಷದ ಸರಕಿಗೆ 6 ಲಕ್ಷದ ವಿಮೆ ಮಾಡಿಸಿ, 3 ಲಕ್ಷದ ಸರಕು ಕಳವಾಯಿತೆನ್ನಿ. 3 ಲಕ್ಷವೂ ಸಿಗುತ್ತದೆಂದು ಭಾವಿಸಬೇಡಿ. ಅದೇ ಪ್ರಮಾಣದಲ್ಲಿ ಕಡಿತ ಮಾಡಿ 1.8 ಲಕ್ಷ ಕೊಡುವ ಷರತ್ತು ಇಂತಹ ಪಾಲಿಸಿಗಳಲ್ಲಿ ಸಾಮಾನ್ಯ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಿ. ಕಳವಾದ ಮೇಲೆ ಸರ್ವೇಯರ್ ಬಂದು ಕೇಳುವ ಮೊದಲ ಪ್ರಶ್ನೆ, "ಏನೇನಿತ್ತು, ಅದಕ್ಕೆ ಪುರಾವೆ ಏನು?" ಎಂಬುದು. "ಸುಮಾರು ಇನ್ನೂರು ನಾಣ್ಯ ಇತ್ತು" ಎಂದರೆ ಸಾಲದು. ಪ್ರತಿಯೊಂದು ಬೆಲೆಬಾಳುವ ನಾಣ್ಯದ ಎರಡೂ ಮುಖಗಳ ಫೋಟೋ, ಗ್ರಾಂ ಲೆಕ್ಕದಲ್ಲಿ ತೂಕ, ಯಾವ ಅರಸ, ಯಾವ ಟಂಕಸಾಲೆ, ಯಾವ ವರ್ಷ, ಸವೆದಿದೆಯೇ, ಎಷ್ಟಕ್ಕೆ ಕೊಂಡದ್ದು ಇವೆಲ್ಲ ಬರೆದಿರಬೇಕು. ಕೊಂಡ ರಸೀದಿಯೂ ಜೊತೆಗಿರಬೇಕು. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ, ವ್ಯಾಪಾರಕ್ಕೂ ಪರವಾನಗಿ ಬೇಕು. ಆದ್ದರಿಂದ ಕಾಗದಪತ್ರ ಶುದ್ಧವಾಗಿರಲಿ.

ಈ ಪಟ್ಟಿಯ ಕೆಲಸವನ್ನು ಮನೆಯಲ್ಲಿರುವ ನೀವೇ ಕೈಗೆತ್ತಿಕೊಳ್ಳಬಹುದು. ಉರ್ದು ಬಲ್ಲವರಿಗೆ ಮೊಗಲರ, ಟಿಪ್ಪುವಿನ ನಾಣ್ಯಗಳ ಮೇಲಿನ ಅಂಕಿ ಓದುವುದು ಕಷ್ಟವಲ್ಲ. ಟಿಪ್ಪುವಿನ ಕೊನೆಯ ವರ್ಷಗಳ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುತ್ತದೆ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ. ಹೇಗಿದ್ದರೂ ವ್ಯಾಪಾರದ ಸರಕಿಗೆ ಪ್ರತಿವರ್ಷ ಝಕಾತಿನ ಲೆಕ್ಕ ಹಾಕಲೇಬೇಕಲ್ಲ? ಅದೇ ದಿನ ಅಂದಿನ ಬೆಲೆಯೊಂದಿಗೆ ಪಟ್ಟಿಯನ್ನು ಹೊಸದಾಗಿ ಬರೆದರೆ ಎರಡು ಕೆಲಸವೂ ಮುಗಿಯಿತು. ಅದರ ಒಂದು ಪ್ರತಿ ನಾಣ್ಯಗಳಿರುವ ಪೆಟ್ಟಿಗೆಯಿಂದ ದೂರ, ತವರಿನಲ್ಲೋ ಬೇರೆ ಕಡೆಯೋ ಇರಲಿ.

ವಿಮೆಯ ಕುರಿತು ಧಾರ್ಮಿಕ ಸಂದೇಹವಿರುವವರು ತಾವು ನಂಬುವ ಉಲಮಾರಲ್ಲಿ ಕೇಳಿ ನಿರ್ಧರಿಸಲಿ. ಆದರೆ ಪಟ್ಟಿ ಬರೆಯಲು ಯಾರ ಅಭ್ಯಂತರವೂ ಇಲ್ಲ. ವಿಮೆ ಇಲ್ಲದಿದ್ದರೂ ಕಳವಾದ ನಾಣ್ಯವನ್ನು ಪೊಲೀಸರು ಗುರುತಿಸುವುದು ಆ ಫೋಟೋದಿಂದಲೇ. ಯಜಮಾನ ಹಠಾತ್ತನೆ ತೀರಿಕೊಂಡರೆ ವಿಧವೆಗೂ ಮಕ್ಕಳಿಗೂ ಅವರವರ ಹಕ್ಕು ಸರಿಯಾಗಿ ಸಿಗುವುದೂ ಆ ಪಟ್ಟಿಯಿಂದಲೇ. ಇಲ್ಲವಾದರೆ ಲಕ್ಷದ ನಾಣ್ಯಗಳನ್ನು ಯಾರೋ ಬಂದು "ಹಳೆಯ ಕಾಸು" ಎಂದು ಸಾವಿರಕ್ಕೆ ಒಯ್ದಾರು.

ಅಕಸ್ಮಾತ್ ಕಳವಾದರೆ ಏನನ್ನೂ ಮುಟ್ಟದೆ ಕೂಡಲೇ ಪೊಲೀಸರಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ವಿಮಾ ಕಂಪೆನಿಗೆ ತಡಮಾಡದೆ ತಿಳಿಸಿರಿ. ಕಂಪೆನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲವಾದರೆ, ಅಥವಾ ಉತ್ತರ ಸರಿಕಾಣದಿದ್ದರೆ, ಒಬ್ಬರೇ ಮಾಲೀಕರಿರುವ ಸಣ್ಣ ವ್ಯಾಪಾರದವರು ವಿಮಾ ಲೋಕಪಾಲರ ಮೊರೆ ಹೋಗಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈ ವಾರವೇ ಒಂದು ನೋಟ್ ಪುಸ್ತಕ ತನ್ನಿ. ದಿನಕ್ಕೆ ಹತ್ತು ನಾಣ್ಯ ಬರೆದರೂ ತಿಂಗಳಲ್ಲಿ ಮುನ್ನೂರು ಆಗುತ್ತದೆ.