ಮೂಲೆ ಇಲ್ಲದ ಬುಟ್ಟಿ

ಡಿಸೆಂಬರ್‌ನಲ್ಲಿ ಮರಿ ತರಬೇಡ ಅಂತ ಅವ್ವ ಮೊದಲೇ ಹೇಳಿದ್ದಳು. “ಸಂಕ್ರಾಂತಿ ದಾಟ್ಲಿ, ಬಿಸಿಲು ಬಲೀತೈತಿ. ಆಮ್ಯಾಲೆ ತಂದ್ರಾತು.”

ನಾನು ಕೇಳಲಿಲ್ಲ. ಬೆಂಗಳೂರಿನ ಆಫೀಸು ಕೆಲಸವನ್ನು ಹಂಪಿ ರಸ್ತೆಯ ಕಡ್ಡಿರಾಂಪುರದ ಮನೆಯಿಂದಲೇ ಮಾಡೋಕೆ ಶುರು ಮಾಡಿ ಎಂಟು ತಿಂಗಳಾಗಿತ್ತು. ಅವ್ವನ ಹತ್ತು ನಾಟಿ ಹೇಂಟೆಗಳು ಮೊಟ್ಟೆ ಇಡೋದು ಕಮ್ಮಿ ಮಾಡಿದ್ದವು. ಅದು ಚಳಿಗಿಂತ ಬೆಳಕಿನ ಲೆಕ್ಕ: ಈ ತಿಂಗಳು ನಮ್ಮಲ್ಲಿ ಹಗಲು ಹನ್ನೊಂದೂಕಾಲು ಗಂಟೆ, ಕೋಳಿ ಚೆನ್ನಾಗಿ ಮೊಟ್ಟೆ ಇಡೋಕೆ 14 ಗಂಟೆಯಾದರೂ ಬೆಳಕು ಬೇಕು. ಮೊಟ್ಟೆ ದುಡ್ಡು ಅವ್ವನ ಸ್ವಂತ ದುಡ್ಡು. ಅದನ್ನ ಹೆಚ್ಚಿಸಿ ಕೊಡ್ತೀನಿ ಅಂತ ಅವಳ ಡಬ್ಬಿಯಿಂದಲೇ ಹಣ ತಗೊಂಡು 50 ಗಿರಿರಾಜ ಮರಿ ತಂದೆ.

ಗಿರಿರಾಜ ಹೆಬ್ಬಾಳದಲ್ಲಿ ರೂಪಿಸಿದ ತಳಿ, ಹಿತ್ತಲಲ್ಲಿ ಮೇಯ್ದು ಗಟ್ಟಿಯಾಗಿ ಬೆಳೆಯುತ್ತೆ. ಆದರೆ ಅದು ದೊಡ್ಡದಾದ ಮೇಲಿನ ಮಾತು. ಒಂದು ದಿನದ ಮರಿಯ ಮೈಮೇಲೆ ಬರೀ ತುಪ್ಪಳ. ಮೊದಲ ವಾರ 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸ್ತಾ ಬರಬೇಕು. ಮರಿಗೆ 2 ವ್ಯಾಟ್ ಲೆಕ್ಕದಲ್ಲಿ 100 ವ್ಯಾಟ್ ಬಲ್ಬು. ಹಳೇ ಹಳದಿ ಬಲ್ಬೇ ಆಗಬೇಕು, ಎಲ್‌ಇಡಿ ಅಷ್ಟು ಕಾವು ಕೊಡಲ್ಲ. ಹೊಸಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಮೂರು ಕಡೆ ‘ಯಾವ ಕಾಲದವನಪ್ಪಾ ಇವನು’ ಅನ್ನೋ ಹಾಗೆ ನೋಡಿದರು.

ಕೊಟ್ಟಿಗೆಯ ಒಂದು ಮೂಲೆಗೆ ಭತ್ತದ ಹೊಟ್ಟು ಹಾಸಿ, ಸುತ್ತ ತಾಡಪಾಲು ಬಿಗಿದು, ಬಲ್ಬ್ ಇಳಿಬಿಟ್ಟೆ. ಎಲ್ಲೂ ಗಾಳಿ ನುಸುಳದ ಹಾಗೆ. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ನಾಲ್ಕನೇ ರಾತ್ರಿ ಕರೆಂಟ್ ಹೋಯಿತು. ನನಗೆ ಎಚ್ಚರವಾಗಲಿಲ್ಲ. ಅವ್ವ ಎಬ್ಬಿಸಿದಳು: “ಏಳೋ, ಮರಿ ಒದರಾಕತ್ತಾವ.” ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಎಲ್ಲಾ ಮರಿ ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆ. ಮೇಲಿನವು ಚೀರುತ್ತಿದ್ದವು. ಕೆಳಗಿನವು ಸುಮ್ಮನಿದ್ದವು. ಹನ್ನೊಂದು ಸತ್ತಿದ್ದವು. ಚಳಿಗಲ್ಲ, ಉಸಿರು ಕಟ್ಟಿ.

ಅವ್ವ ಬೈಯಲಿಲ್ಲ. ಒಲೆ ಹೊತ್ತಿಸಿ ನೀರು ಕಾಸಿದಳು. ಎರಡು ಹಾಲಿನ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಹಳೇ ಸೀರೆ ಸುತ್ತಿದಳು. ದೊಡ್ಡ ಬಿದಿರಿನ ಬುಟ್ಟಿಯ ನಡುವೆ ಅವನ್ನಿಟ್ಟು, ಸುತ್ತ ಉಳಿದ 39 ಮರಿ ಬಿಟ್ಟು, ಮೇಲೆ ಅರ್ಧಕ್ಕೆ ಮಾತ್ರ ಗೋಣಿಚೀಲ ಹೊದಿಸಿದಳು.

“ಪೂರ್ತಿ ಮುಚ್ಚೋದಲ್ವಾ?” ಅಂದೆ.

“ನಿನ್ನ ಹಂಗ ಮುಚ್ಚಿದ್ರ ಉಸಿರಾಡ್ತೀಯೇನು?”

ಬುಟ್ಟಿ ದುಂಡಗಿತ್ತು. ಮೂಲೆಯೇ ಇಲ್ಲ, ಗುಡ್ಡೆ ಬೀಳೋಕೆ ಜಾಗವಿಲ್ಲ. ಮರಿಗಳ ಸುತ್ತ ರಟ್ಟನ್ನು ದುಂಡಗೆ ನಿಲ್ಲಿಸಿ ಅಂತ ಕೋಳಿ ಸಾಕಣೆಯ ಪುಸ್ತಕಗಳಲ್ಲಿ ಇರೋದು ಇದಕ್ಕೇ. ನಾನು ಓದಿದ್ದೆ ಕೂಡ. ಶೋಕಿಗೆ ಹೇಳ್ತಾರೆ ಅಂದ್ಕೊಂಡಿದ್ದೆ.

ಬೆಳಿಗ್ಗೆ ಬಾಳೆತೋಟದ ಮೇಲೆ ಇನ್ನೂ ಮಂಜು ಕೂತಿತ್ತು. ತಾಡಪಾಲು ಬಿಚ್ಚಲು ಬಗ್ಗಿದರೆ ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ನಾಲ್ಕು ದಿನ ಆ ಮರಿಗಳು ಅದನ್ನೇ ಉಸಿರಾಡಿದ್ದವು. ಈಗ ಮೇಲ್ಗಡೆ ಒಂದು ಗೇಣು ತೆರೆದೇ ಇರುತ್ತೆ, ರಟ್ಟು ದುಂಡಗೆ ನಿಂತಿದೆ. ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡರೆ ಬಲ್ಬ್ ಇಳಿಸ್ತೀನಿ, ದೂರ ಸರಿದು ಬಾಯಿ ತೆರೆದರೆ ಏರಿಸ್ತೀನಿ. ಥರ್ಮಾಮೀಟರಿಗಿಂತ ನನಗೆ ಇದೇ ನಂಬಿಕೆ. ಏಳನೇ ದಿನ ಕೊಕ್ಕರೆ ರೋಗದ ಲಸಿಕೆಯೂ ಆಯಿತು, ಕಣ್ಣಿಗೆ ಒಂದೊಂದೇ ಹನಿ.

ಹನ್ನೊಂದು ಮರಿಯ ದುಡ್ಡನ್ನ ಡಬ್ಬಿಗೆ ವಾಪಸ್ ಹಾಕೋಕೆ ಹೋದೆ. ಬ್ಯಾಡ ಅಂದಳು. ಆಮೇಲೆ ತಗೊಂಡಳು.

ರಾತ್ರಿ ಎರಡಕ್ಕೆ ಅಲಾರಂ ಇಟ್ಟಿರ್ತೀನಿ. ಎಷ್ಟೋ ಸಲ ಅದು ಹೊಡ್ಕೊಳ್ಳೋ ಮೊದಲೇ ಕೊಟ್ಟಿಗೆಯಲ್ಲಿ ಅವ್ವನ ಟಾರ್ಚ್ ಬೆಳಕು ಕಾಣುತ್ತೆ.