ಹೊರಗಿನ ಹಣವೂ ನಮ್ಮ ಕಚೇರಿಗಳೂ

ಪರದೇಶದ ಹಣವನ್ನು ತಂದು ಆಡಳಿತವನ್ನು ತಿದ್ದಬಹುದೆಂಬ ನಂಬಿಕೆಯು ಈಗ ಲೋಕದಲ್ಲೆಲ್ಲ ಹರಡಿದೆ. ಯೂರೋಪಿಯನ್ ಒಕ್ಕೂಟವನ್ನು ಸೇರಲು ಕಾದಿರತಕ್ಕ ರಾಷ್ಟ್ರಗಳಿಗೆ ಇಂತಹ ಕಾರ್ಯಗಳಿಗಾಗಿ ಪ್ರತ್ಯೇಕ ನಿಧಿಯೇ ಉಂಟು. ಅಲ್ಲಿ ಹಣ ದೊರೆಯುವುದಕ್ಕಿಂತ ಅದನ್ನು ಜೀರ್ಣಿಸಿಕೊಳ್ಳುವುದೇ ಕಷ್ಟವಾಗಿದೆ. 2007ರಲ್ಲಿ ಒಕ್ಕೂಟವನ್ನು ಸೇರಿದ ಬಲ್ಗೇರಿಯವು, ಸೇರುವುದಕ್ಕೆ ಮುಂಚೆ ಗೊತ್ತಾಗಿದ್ದ ಸಹಾಯದಲ್ಲಿ ಸುಮಾರು 22 ಕೋಟಿ ಯೂರೋಗಳನ್ನು ಲೆಕ್ಕದ ಅವ್ಯವಸ್ಥೆಯ ದೆಸೆಯಿಂದ 2008ರಲ್ಲಿ ಕಳೆದುಕೊಂಡಿತು. ಸುಧಾರಣೆಯ ಹಣವನ್ನು ಪಡೆಯುವುದಕ್ಕೇ ಮೊದಲು ಸುಧಾರಿಸಿರಬೇಕಾದ ವಿಚಿತ್ರವಿದು!

ಇದು ದೂರದ ಮಾತೆಂದು ಹಾಸನದ ವಾಚಕ ಮಹಾಶಯರು ಎಣಿಸಬಾರದು. 2001ರಲ್ಲಿ ವಿಶ್ವಬ್ಯಾಂಕು ಆರ್ಥಿಕ ಪುನರ್ರಚನೆಯ ಹೆಸರಿನಲ್ಲಿ ಕರ್ನಾಟಕಕ್ಕೆ 15 ಕೋಟಿ ಡಾಲರುಗಳ ಸಾಲವನ್ನೂ, 2002ರಲ್ಲಿ ಮತ್ತೆ 10 ಕೋಟಿಯನ್ನೂ ಮಂಜೂರು ಮಾಡಿತು. ಆಡಳಿತದ ಸುಧಾರಣೆಯೂ ಅದರ ಉದ್ದೇಶಗಳಲ್ಲೊಂದು. ಆ ಕಾಲದಲ್ಲಿಯೇ ನಮ್ಮ ಜಿಲ್ಲೆಯವರಾದ ಹಾರನಹಳ್ಳಿ ರಾಮಸ್ವಾಮಿಯವರು ರಾಜ್ಯದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದರು. 2002ರ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯು ಆ ದಿನಗಳ ಫಲ. ಶಾಸನವಾಗಿ ಪುಸ್ತಕವನ್ನು ಸೇರಿದ್ದರಿಂದಲೇ ಅದು ಉಳಿಯಿತು.

ಆದರೆ ರೈತನು ಕಣ್ಣಾರೆ ಕಂಡ ಸುಧಾರಣೆ ಯಾವುದು? ಭೂಮಿ ಯೋಜನೆ. ಸುಮಾರು 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಚೀಲದಿಂದ ಗಣಕಯಂತ್ರಕ್ಕೆ ಹೋದವು. ಅದಕ್ಕೆ ಹಣ ಕೊಟ್ಟದ್ದು ಮುಖ್ಯವಾಗಿ ಕೇಂದ್ರ ಸರ್ಕಾರ; ದುಡಿದವರು ನಮ್ಮ ಕಂದಾಯ ಇಲಾಖೆಯವರೇ. ಯಂತ್ರಗಳನ್ನು ಕೊಂಡುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಕೈಬರಹದ ಪಹಣಿಯು ಇನ್ನು ಸಲ್ಲದೆಂದು ಸರ್ಕಾರವು ಧೈರ್ಯದಿಂದ ಸಾರಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೆಯಾಗತಕ್ಕದ್ದೆಂದು ವಿಧಿಸಿತು. ಹಳೆಯ ದಾರಿಯನ್ನು ಮುಚ್ಚದೆ ಹೊಸದನ್ನು ತೆರೆದಿದ್ದರೆ ಗುಮಾಸ್ತೆಯೂ ದಲ್ಲಾಳಿಯೂ ಹಳೆಯದರಲ್ಲಿಯೇ ನಡೆಯುತ್ತಿದ್ದರು. ಇಷ್ಟು ವಿಧಿಸುವುದಕ್ಕೆ ಡಾಲರು ಬೇಕಾಗಿರಲಿಲ್ಲ.

ಯಂತ್ರದ ಕೈಲಾಗದ್ದೂ ಇದೆ. ಹಳೆಯ ಕಾಗದದಲ್ಲಿದ್ದ ತಪ್ಪು ಹೆಸರು, ತಪ್ಪು ವಿಸ್ತೀರ್ಣಗಳು ಅಚ್ಚಾಗಿ ಹೊರಬಂದವು. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನಿಗಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟದವನಿಗಾಗಲಿ, ಹೊಳೆನರಸೀಪುರದ ಗದ್ದೆಯ ಒಕ್ಕಲಿಗಾಗಲಿ ಪಹಣಿ ತಿದ್ದುಪಡಿ ಮತ್ತು ಪೋಡಿ ಎಂದರೆ ಅಲೆದಾಟವೆಂದೇ ಅರ್ಥ. ಅಳತೆಗೆ ಭೂಮಾಪಕನು ಬೇಕು. ಅವನು ಆ ತಾಲ್ಲೂಕಿನಲ್ಲಿ ಕೆಲವು ವರ್ಷ ನಿಲ್ಲಬೇಕು. ತರಬೇತಿಗೆ ಹಣ ಸುರಿದು, ಕಲಿತವನನ್ನು ಆರು ತಿಂಗಳಿಗೆ ವರ್ಗ ಮಾಡಿದರೆ, ಲೆಕ್ಕದಲ್ಲಿ ಹಣ ಖರ್ಚಾದುದೇನೋ ನಿಜ, ಕಚೇರಿಗೆ ಅದು ದಕ್ಕಿದಂತಾಗಲಿಲ್ಲ. ಖರ್ಚನ್ನೇ ಸಾಧನೆಯೆಂದು ವರದಿ ಬರೆಯುವವರಿಗೆ ಈ ಭೇದವು ತೋರುವುದಿಲ್ಲ. ಸಾಲ ತೀರಿಸತಕ್ಕ ಪ್ರಜೆಗಳಿಗೆ ತೋರುತ್ತದೆ.

ಆದಕಾರಣ, ಆಡಳಿತದ ಹೆಸರಿನಲ್ಲಿ ಇನ್ನೊಂದು ಸಾಲದ ಕರಾರಿಗೆ ರುಜು ಹಾಕುವ ಮುನ್ನ, ಈ ತಾಲ್ಲೂಕುಗಳಲ್ಲಿ ಬಾಕಿಯಿರುವ ಪೋಡಿ ಅರ್ಜಿಗಳೆಷ್ಟು, ಖಾಲಿಯಿರುವ ಭೂಮಾಪಕರ ಹುದ್ದೆಗಳೆಷ್ಟು ಎಂಬುದನ್ನು ತಿಂಗಳು ತಿಂಗಳೂ ಕಚೇರಿಯ ಬಾಗಿಲಿನ ಹಲಗೆಯ ಮೇಲೆ ಬರೆಯಿಸಬೇಕೆಂದು ಸರ್ಕಾರವನ್ನು ಕೇಳುತ್ತೇವೆ. ಸೀಮೆಸುಣ್ಣಕ್ಕೆ ವಿಶ್ವಬ್ಯಾಂಕಿನ ಅಪ್ಪಣೆ ಬೇಕಾಗಿಲ್ಲ.