‘ಪವರ್’ಗೆ ಕನ್ನಡದಲ್ಲಿ ಏನಂತೀರಾ?

ದಿನಕ್ಕೆ ಎಷ್ಟು ಸಲ ‘ಪವರ್’ ಅಂತೀವಿ, ಒಮ್ಮೆ ಎಣಿಸಿ ನೋಡಿ. ಹಾಸ್ಟೆಲ್ಲಲ್ಲಿ ಪವರ್ ಹೋಯ್ತು. ಎಕ್ಸ್ ಪವರ್ ಮೂರು. ಮೋಟಾರಿನ ಪವರ್ ಐದು ಎಚ್‌ಪಿ. ಕನ್ನಡಕದ ಪವರ್ ಮೈನಸ್ ಎರಡು. ಸಿ.ಆರ್. ಆದಮೇಲೆ ಅವನಿಗೆ ಪವರ್ ತಲೆಗೇರಿದೆ. ಪದ ಒಂದೇ, ಅರ್ಥ ಐದು.

ಕನ್ನಡದಲ್ಲಿ ಹೇಳೋಕೆ ಹೊರಟರೆ ಇವು ಬೇರೆಬೇರೆ ದಾರಿ ಹಿಡಿಯುತ್ತವೆ. ಹಾಸ್ಟೆಲ್ಲಲ್ಲಿ ಹೋದದ್ದು ವಿದ್ಯುತ್ತು, ಎಕ್ಸಿನ ತಲೆಮೇಲೆ ಕೂತಿರೋದು ಘಾತ, ಸಿ.ಆರ್. ತಲೆಗೇರಿರೋದು ಅಧಿಕಾರ. ಮೋಟಾರಿನದು ಸಾಮರ್ಥ್ಯ, ಅಂದರೆ ಸೆಕೆಂಡಿಗೆ ಎಷ್ಟು ಜೂಲ್ ಕೆಲಸ ಅನ್ನೋ ಲೆಕ್ಕ. ಕನ್ನಡಕದ್ದಕ್ಕೂ ನಾವು ಸಾಮರ್ಥ್ಯ ಅಂತಲೇ ಓದಿದ್ದು, ಆದರೆ ಅದಕ್ಕೂ ಜೂಲಿಗೂ ಸಂಬಂಧವೇ ಇಲ್ಲ. ಮೀಟರಿನಲ್ಲಿ ಅಳೆದ ಸಂಗಮ ದೂರವನ್ನು ತಲೆಕೆಳಗು ಮಾಡಿದರೆ ಸಿಗೋ ಸಂಖ್ಯೆ ಅದು. ಮೈನಸ್ ಎರಡು ಅಂದ್ರೆ 50 ಸೆಂಟಿಮೀಟರು. ಇಲ್ಲಿ ಮಾತ್ರ ಕನ್ನಡವೂ ಇಂಗ್ಲಿಷಿನ ಹಿಂದೆ ಸುಮ್ಮನೆ ನಡೆದುಬಿಟ್ಟಿದೆ.

ಕನ್ನಡ ಎಲ್ಲ ಕಡೆ ಅಚ್ಚುಕಟ್ಟಾಗಿದೆ ಅಂತ ನಾವೇನೂ ವಾದಿಸ್ತಿಲ್ಲ. ಎನರ್ಜಿಗೆ ‘ಶಕ್ತಿ’ ಅಂತ ಓದ್ತೀವಿ, ಆದರೆ 746 ವ್ಯಾಟಿಗೆ ‘ಅಶ್ವಶಕ್ತಿ’ ಅಂತೀವಿ. ಎನರ್ಜಿ ಇಲಾಖೆಗೆ ಸರ್ಕಾರ ಇಟ್ಟ ಹೆಸರು ‘ಇಂಧನ ಇಲಾಖೆ’. ಇನ್ನು ‘ಶಕ್ತಿ’ ಯೋಜನೆ ಇರೋದು ಬಸ್ಸಿನಲ್ಲಿ! ಮನೆಗೆ ಬರೋ ಬಿಲ್ಲಿನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್, ಅಪ್ಪಟ ಶಕ್ತಿ. ನಾವು ಅದನ್ನ ‘ಕರೆಂಟ್ ಬಿಲ್’ ಅಂತ ಕಟ್ತೀವಿ.

ಆದ್ರೂ ‘ಕನ್ನಡದಲ್ಲಿ ಟೆಕ್ನಿಕಲ್ ಪದಗಳೇ ಇಲ್ಲ’ ಅನ್ನೋ ಮಾತನ್ನ ನಾವು ಒಪ್ಪೋದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗೆಳೆಯರಿಗೆ ಬಲ, ಕೆಲಸ, ಶಕ್ತಿ, ಸಾಮರ್ಥ್ಯ ನಾಲ್ಕೂ ಬೇರೆ ಅಂತ ಚೆನ್ನಾಗಿ ಗೊತ್ತು. ಮೊದಲ ಸೆಮಿಸ್ಟರಿನಲ್ಲಿ ‘ಪವರ್’ ಅಂತ ಕೇಳಿದಾಗ ಇದು ಯಾವ ಪವರ್ ಅಂತ ಅವರು ಒಂದು ಕ್ಷಣ ತಡೀತಾರೆ. ಆ ಒಂದು ಕ್ಷಣದ ಮೌನವನ್ನ ಕ್ಲಾಸು ‘ಇವನಿಗೆ ಬೇಸಿಕ್ಸೇ ಗೊತ್ತಿಲ್ಲ’ ಅಂತ ಓದಿಕೊಳ್ಳುತ್ತೆ. ಆಮೇಲೆ ಅವರು ಡೌಟ್ ಕೇಳೋದನ್ನೇ ಬಿಡ್ತಾರೆ. ನಮಗೆ ಸಿಟ್ಟು ಬರೋದು ಇಲ್ಲಿ.

ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ಬೇಡ ಅಂದವರ್ಯಾರು? ಆದರೆ ಡೌಟನ್ನ ಕನ್ನಡದಲ್ಲಿ ಕೇಳಿದರೆ ಹಿಂದಿನ ಬೆಂಚಿನಿಂದ ನಗು ಬರಬಾರದು. ಮೇಷ್ಟ್ರುಗಳು ಬೋರ್ಡಿನ ಮೂಲೆಯಲ್ಲಿ ‘ಪವರ್’ ಪಕ್ಕ ‘ಸಾಮರ್ಥ್ಯ’ ಅಂತ ಬರೆಯೋಕೆ ಐದು ಸೆಕೆಂಡು ಸಾಕು. ‘ಸಾಂಸ್ಕೃತಿಕ ಕನ್ನಡ’ದ ಪಿರಿಯಡ್ಡಿನಲ್ಲಿ ಒಂದೆರಡನ್ನ ಇಂಥ ಪದಗಳಿಗೆ ಮೀಸಲಿಟ್ಟರೆ ಪಾಠ ಕೇಳೋಕೆ ನಾವೇ ಮುಂದಿನ ಬೆಂಚಿಗೆ ಬರ್ತೀವಿ.

ಅಂದಹಾಗೆ, ಡಿಸ್ಕ್ರೀಟ್ ಮ್ಯಾಥ್ಸಿನ ‘ಪವರ್ ಸೆಟ್’ ಬಗ್ಗೆ ನಮ್ಮ ಸಂಘದಲ್ಲಿ ಇನ್ನೂ ಜಗಳ ಮುಗಿದಿಲ್ಲ. ಎನ್ ಅಂಶಗಳ ಗಣಕ್ಕೆ ಎರಡರ ಘಾತ ಎನ್‌ನಷ್ಟು ಉಪಗಣಗಳಿರೋದರಿಂದ ‘ಘಾತಗಣ’ ಅನ್ನೋಣ ಅಂತ ಅರ್ಧ ಜನ. ಉಳಿದವರಿಗೆ ಅದು ಅಪಘಾತದ ಹಾಗೆ ಕೇಳಿಸ್ತಿದೆಯಂತೆ. ನಿಮ್ಮ ಓಟು ಯಾವ ಕಡೆ?